ಗುಲಗಂಜಿಯ ತೂಕ

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ಹೋದರೆ ನಂಜನಗೂಡು. ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರು ಹೋದರೆ ತಿರುಮಕೂಡಲು ನರಸೀಪುರ. ಎರಡೂ ಕಪಿಲೆಯ ದಡದ ಊರುಗಳು. ಮೊದಲನೆಯದರಲ್ಲಿ ನದಿಯು ಶ್ರೀಕಂಠೇಶ್ವರನ ಪಾದವನ್ನು ತೊಳೆದು ಮುಂದೆ ಸಾಗುತ್ತದೆ. ಎರಡನೆಯದರಲ್ಲಿ ಕಾವೇರಿಯೊಡನೆ ಬೆರೆತು ತನ್ನ ಹೆಸರನ್ನೇ ಬಿಟ್ಟುಕೊಡುತ್ತದೆ. ಮೈಸೂರಿನ ಮನೆಗಳಲ್ಲಿ ಈ ಊರುಗಳಿಗೆ ‘ಪ್ರವಾಸ’ ಎಂಬ ಮಾತನ್ನು ಯಾರೂ ಬಳಸುವುದಿಲ್ಲ. ಊಟಿಗೆ ಪ್ರವಾಸ ಹೋಗುತ್ತಾರೆ, ಮಡಿಕೇರಿಗೆ ಪ್ರವಾಸ ಹೋಗುತ್ತಾರೆ. ನಂಜನಗೂಡಿಗೆ ಮಾತ್ರ ‘ಹೋಗಿಬರುತ್ತಾರೆ’. ಬೆಳಗಿನ ತಿಂಡಿಗೆ ಮೊದಲು ಹೊರಟು ಮಧ್ಯಾಹ್ನದ ನಿದ್ರೆಗೆ ಮನೆ ಸೇರಬಹುದಾದ ಸ್ಥಳಕ್ಕೆ ಪ್ರವಾಸದ ಗೌರವವೆಲ್ಲಿಯದು?

ಕಳೆದ ಮಳೆಗಾಲದ ಕೊನೆಯ ಒಂದು ಭಾನುವಾರ ಮೈಸೂರಿನ ಒಂದು ಕುಟುಂಬವು ಹೀಗೆ ಹೋಗಿಬರಲು ಹೊರಟಿತು. ಮನೆಯ ಯಜಮಾನರು ವಿಮಾ ಕಚೇರಿಯೊಂದರಲ್ಲಿ ಅಧಿಕಾರಿಗಳು, ವಯಸ್ಸು ಐವತ್ತೆರಡು. ಪತ್ನಿ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಿಕೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಿದ್ದಳು. ಮಗ ಹತ್ತನೆಯ ತರಗತಿ. ಇವರೊಡನೆ ಯಜಮಾನರ ತಾಯಿ, ಎಪ್ಪತ್ತಾರು ವರ್ಷದ ಹಿರಿಯರು. ನಂಜುಂಡೇಶ್ವರ ಅವರ ಮನೆದೇವರು. ವರ್ಷಕ್ಕೊಮ್ಮೆ ಮುಖ ತೋರಿಸದಿದ್ದರೆ ಆಕೆಗೆ ನೆಮ್ಮದಿಯಿಲ್ಲ.

ಆದರೆ ಆ ಭಾನುವಾರದ ಕಾರಿನಲ್ಲಿ ಹಣ್ಣುಕಾಯಿಯ ಬುಟ್ಟಿಯ ಪಕ್ಕದಲ್ಲಿ ಇನ್ನೊಂದು ವಸ್ತುವೂ ಇತ್ತು. ಅದು ನುಣುಪಾದ ಬಣ್ಣದ ಕಾಗದದ ಕಡತ. ಒಂಬತ್ತು ದಿನಗಳ ಹಿಂದೆ ಯಜಮಾನರು ಒಂದು ರಜಾ ವಿಹಾರದ ಕಂಪನಿಗೆ ಸದಸ್ಯರಾಗಲು 25,000 ರೂಪಾಯಿ ಮುಂಗಡ ಕಟ್ಟಿ ಬಂದಿದ್ದರು. ಒಟ್ಟು ಮೊತ್ತ ಎಲ್ಲ ತೆರಿಗೆ ಸೇರಿ 5 ಲಕ್ಷ. ಅವಧಿ 25 ವರ್ಷ. ವರ್ಷಕ್ಕೆ ಏಳು ರಾತ್ರಿ, ಕಂಪನಿಯ ಯಾವುದಾದರೊಂದು ವಿಹಾರಧಾಮದಲ್ಲಿ ಒಂದು ಕೋಣೆ. ಮನಸ್ಸು ಬದಲಾದರೆ ಹತ್ತು ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಿ ಮುಂಗಡವನ್ನು ಹಿಂದಕ್ಕೆ ಪಡೆಯಬಹುದೆಂದು ಕರಾರಿನ ಹನ್ನೊಂದನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಕಂಡುಹಿಡಿದವರು ಗಣಿತದ ಅಧ್ಯಾಪಿಕೆ. ಹತ್ತನೆಯ ದಿನ ಸೋಮವಾರ.

ಇಂಥ ಸದಸ್ಯತ್ವಗಳು ಹೇಗೆ ಮಾರಾಟವಾಗುತ್ತವೆಂಬುದು ಪಟ್ಟಣವಾಸಿಗಳಿಗೆ ಹೊಸದಲ್ಲ. ಅಂಗಡಿ ಸಂಕೀರ್ಣದ ಬಾಗಿಲಲ್ಲಿ ಹೆಸರು, ಫೋನು ಬರೆಸಿಕೊಳ್ಳುತ್ತಾರೆ. ವಾರದ ಮೇಲೆ ‘ನಿಮಗೆ ಬಹುಮಾನ ಬಂದಿದೆ’ ಎಂದು ಕರೆ. ಗಂಡ ಹೆಂಡತಿ ಇಬ್ಬರೂ ಬರಲೇಬೇಕೆಂಬ ನಿಯಮ. ಒಬ್ಬರೇ ಬಂದರೆ ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ತಪ್ಪಿಸಿಕೊಂಡಾರಲ್ಲವೆ? ಹೋಟೆಲಿನ ಸಭಾಂಗಣದಲ್ಲಿ ಒಂದೂವರೆ ಗಂಟೆಯೆಂದು ಕರೆದು ಮೂರು ಗಂಟೆ ಕೂರಿಸುತ್ತಾರೆ. ಗೋಡೆಯ ಮೇಲೆ ಕಡಲು, ಹಿಮ, ಆನೆ. ಕೊನೆಗೆ ‘ಈ ಬೆಲೆ ಇವತ್ತಿಗೆ ಮಾತ್ರ’ ಎಂಬ ಮಾತು. ಇವೆಲ್ಲವನ್ನೂ ತಿಳಿದವರೇ ಆಗಿದ್ದ ಯಜಮಾನರು ಏಕೆ ಒಪ್ಪಿದರು? ತಮ್ಮ ವೃತ್ತಿಯಲ್ಲಿ ದಿನವೂ ಇಪ್ಪತ್ತು ವರ್ಷದ, ಇಪ್ಪತ್ತೈದು ವರ್ಷದ ಕರಾರುಗಳನ್ನು ಜನರಿಗೆ ವಿವರಿಸುವವರು ಅವರು!

ಕಾರಣ ಬೇರೆ ಇತ್ತು. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅವರ ಹಿರಿಯರ ತೊಟ್ಟಿಯ ಮನೆಯಿತ್ತು. ಬೆಂಗಳೂರಿನ ತಮ್ಮ, ಶಿವಮೊಗ್ಗದ ತಂಗಿ, ಮೈಸೂರಿನ ಅಣ್ಣ, ಮೂವರ ಸಂಸಾರಗಳೂ ಬೇಸಗೆಗೆ ಅಲ್ಲಿ ಸೇರುತ್ತಿದ್ದವು. ನೋಡಿಕೊಳ್ಳುವವರಿಲ್ಲದೆ ಹೆಂಚು ಕುಸಿದು, ಎರಡು ವರ್ಷದ ಹಿಂದೆ ಅದನ್ನು ಮಾರಿದರು. ಅಂದಿನಿಂದ ಮೂರು ಮನೆಯವರೂ ಒಟ್ಟಿಗೆ ಊಟಕ್ಕೆ ಕುಳಿತದ್ದು ಒಂದೇ ಸಲ, ಅದೂ ಒಂದು ಮದುವೆಯ ಪಂಕ್ತಿಯಲ್ಲಿ. ಮಾರಾಟದ ಹಣದಲ್ಲಿ ತಮ್ಮ ಪಾಲಿಗೆ ಬಂದ ಆರು ಲಕ್ಷವನ್ನು ಯಜಮಾನರು ಮುಟ್ಟದೆ ಬ್ಯಾಂಕಿನಲ್ಲಿ ಇಟ್ಟಿದ್ದರು. ಸಭಾಂಗಣದ ಯುವಕನು ‘ಸಾರ್, ಇದು ನಿಮ್ಮ ಕುಟುಂಬದ ಇನ್ನೊಂದು ಮನೆ’ ಎಂದನಂತೆ. ಉಳಿದ ಮಾತುಗಳೆಲ್ಲ ಗಾಳಿಗೆ ಹೋದವು. ಆ ಒಂದು ಮಾತು ನಾಟಿತು.

ನಂಜನಗೂಡನ್ನು ಪ್ರವೇಶಿಸುವಾಗ ಹಳೆಯ ಸೇತುವೆಯು ಕಣ್ಣಿಗೆ ಬೀಳುತ್ತದೆ. 1735ರಲ್ಲಿ, ದಳವಾಯಿಗಳ ಕಾಲದಲ್ಲಿ ಕಟ್ಟಿದ್ದೆಂದು ಹೇಳುವ ಈ ಕಲ್ಲಿನ ಸೇತುವೆಯ ಮೇಲೆ ಗಾಡಿಗಳೂ ರೈಲೂ ಬಹುಕಾಲ ಓಡಾಡಿದವು. ಈಗ ರೈಲಿಗೂ ರಸ್ತೆಗೂ ಹೊಸ ಸೇತುವೆಗಳಾಗಿವೆ. ಮೊನ್ನೆ ಮೊನ್ನೆ, 2019ರ ಆಗಸ್ಟಿನಲ್ಲಿ, ಕಪಿಲೆಯು ಉಕ್ಕಿ ಸ್ನಾನಘಟ್ಟವನ್ನೂ ಪರಶುರಾಮ ಕ್ಷೇತ್ರವನ್ನೂ ಮುಳುಗಿಸಿ ಹೆದ್ದಾರಿಗೇ ಏರಿದ್ದಳು. ಆ ಭಾನುವಾರ ಆಕೆ ಶಾಂತಳು. ಕೆಂಬಣ್ಣದ ನೀರು ಕೊನೆಯ ಮೂರು ಮೆಟ್ಟಿಲುಗಳನ್ನು ಮಾತ್ರ ತಾಕುತ್ತಿತ್ತು.

ದೇವಾಲಯದ ಮುಂದೆ ನಿಂತವರು ಮೊದಲು ತಲೆಯೆತ್ತುವುದು ಗೋಪುರಕ್ಕೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎದ್ದ, 120 ಅಡಿ ಎತ್ತರದ ಈ ಗೋಪುರದ ಚಿನ್ನದ ಕಳಶಗಳು ದೂರದ ಗದ್ದೆಯ ಬದುವಿನಿಂದಲೂ ಕಾಣುತ್ತವೆ. ಒಳಗಿನ ಶ್ರೀಕಂಠೇಶ್ವರನು ವೈದ್ಯನೆಂದು ಪ್ರಸಿದ್ಧಿ. ಟೀಪೂ ಸುಲ್ತಾನನ ಪಟ್ಟದಾನೆಗೆ ಕಣ್ಣು ಮರಳಿತೆಂದೂ, ಆತನು ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಊರಿನವರು ಇಂದಿಗೂ ಹೇಳುತ್ತಾರೆ. ರೋಗ ವಾಸಿಯಾಗಲೆಂದು ಹರಕೆ ಹೊತ್ತವರು ಒದ್ದೆ ಬಟ್ಟೆಯಲ್ಲಿ ಉರುಳುಸೇವೆ ಮಾಡುತ್ತಿರುತ್ತಾರೆ; ಮುಡಿ ಕೊಟ್ಟ ಮಕ್ಕಳು ಬೋಳು ತಲೆಗೆ ಗಂಧ ಮೆತ್ತಿಕೊಂಡು ತಾಯಂದಿರ ಹೆಗಲ ಮೇಲೆ ಅಳುತ್ತಿರುತ್ತವೆ. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂದು ಐದು ರಥಗಳು ಹೊರಡುತ್ತವೆ. ಗೌತಮ ರಥದ ಹಗ್ಗವನ್ನು ಒಮ್ಮೆ ಮುಟ್ಟಲು ಬರುವ ಜನರಿಗೆ ಊರು ಸಾಲದಾಗುತ್ತದೆ.

ದರ್ಶನ ಮುಗಿಸಿ ಹೊರಬಂದು ಮಂಟಪದ ನೆರಳಿನಲ್ಲಿ ಕುಳಿತಾಗ ಯಜಮಾನರು ಹಳೆಯ ಛತ್ರಗಳ ಮಾತು ತೆಗೆದರು. ಅವರ ಬಾಲ್ಯದಲ್ಲಿ ಜಾತ್ರೆಗೆ ಬಂದವರು ಛತ್ರದಲ್ಲಿ ಇಳಿದುಕೊಳ್ಳುತ್ತಿದ್ದರು. ಪಾರುಪತ್ತೆಗಾರನು ತಾತನ ಹೆಸರನ್ನು ಕೇಳಿದೊಡನೆ ಪ್ರತಿವರ್ಷದ ಅದೇ ಅಂಗಳದ ಪಕ್ಕದ ಕೋಣೆಯನ್ನು ತೆರೆದುಕೊಡುತ್ತಿದ್ದನು. ಕೋಣೆಗೆ ಬಾಡಿಗೆಯಿಲ್ಲ; ಹೋಗುವಾಗ ಹುಂಡಿಗೆ ಕೈಲಾದಷ್ಟು. ನಾಲ್ಕು ದಿನ, ಮೂವತ್ತು ಜನ, ಒಂದೇ ಸಾಲಿನಲ್ಲಿ ಚಾಪೆ.

“ನಮ್ಮ ತಾತನಿಗೆ ಇದ್ದದ್ದೂ ಒಂದು ಬಗೆಯ ಸದಸ್ಯತ್ವವೇ ಅಲ್ಲವೆ? ನಾನು ಮಕ್ಕಳಿಗೆ ಅದನ್ನೇ ಕೊಡುತ್ತಿದ್ದೇನೆ,” ಎಂದರು ಯಜಮಾನರು.

ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಒಂದು ವಸ್ತುವನ್ನು ಹಂಚಿಕೊಳ್ಳದೆ ಅದರ ಕಾಲವನ್ನು ಹಂಚಿಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು. ದೇವಾಲಯಗಳ ಅರ್ಚಕ ಮನೆತನಗಳು ಪೂಜೆಯ ಸರದಿಯನ್ನು ದಿನಗಳ, ತಿಂಗಳುಗಳ ಲೆಕ್ಕದಲ್ಲಿ ಪಾಲು ಮಾಡಿಕೊಂಡಿರುವುದುಂಟು. ಕೆರೆಯ ನೀರನ್ನು ರೈತರು ಜಾವಗಳ ಲೆಕ್ಕದಲ್ಲಿ ಹಾಯಿಸಿಕೊಳ್ಳುವುದುಂಟು. ಶಾಶ್ವತ ಪೂಜೆಯ ಏರ್ಪಾಡಂತೂ ಈ ರಜಾ ಕರಾರಿನ ತದ್ರೂಪು: ಒಮ್ಮೆ ಇಡುಗಂಟು ಕಟ್ಟಿದರೆ ಅದರ ಬಡ್ಡಿಯಿಂದ ವರ್ಷವರ್ಷವೂ ಗೊತ್ತುಮಾಡಿದ ತಿಥಿಯಲ್ಲಿ ಕಟ್ಟಿದವರ ಹೆಸರಿನಲ್ಲಿ ಅರ್ಚನೆ. ವಿಹಾರಧಾಮಗಳಲ್ಲಿ ಇದು ಬಂದದ್ದು ಯೂರೋಪಿನಿಂದ, 1960ರ ದಶಕದಲ್ಲಿ; ಸ್ವಿಟ್ಸರ್ಲೆಂಡಿನ ಹಾಪಿಮಾಗ್ ಸಂಸ್ಥೆ 1963ರಲ್ಲಿ ಹುಟ್ಟಿತು. ಒಂದೆಡೆಯ ವಾರವನ್ನು ಮತ್ತೊಂದೆಡೆಯ ವಾರಕ್ಕೆ ಬದಲಾಯಿಸಿಕೊಡುವ ಆರ್‌ಸಿಐ ಎಂಬ ಅಮೆರಿಕದ ಸಂಸ್ಥೆ 1974ರದು. ನಮ್ಮ ದೇಶದಲ್ಲಿ ಸ್ಟರ್ಲಿಂಗ್ 1986ರಲ್ಲಿಯೂ ಮಹೀಂದ್ರ ಹಾಲಿಡೇಸ್ 1996ರಲ್ಲಿಯೂ ಆರಂಭವಾದವು.

“ಶಾಶ್ವತ ಪೂಜೆಯ ಮಾತು ಹೇಳುತ್ತೀಯಲ್ಲಪ್ಪ,” ಎಂದರು ತಾಯಿ, “ನಮ್ಮ ಊರಿನ ಗುಡಿಯಲ್ಲಿ ನಿನ್ನ ತಾತ ನೂರೊಂದು ರೂಪಾಯಿ ಕಟ್ಟಿದ್ದರು. ಆಗ ಅದು ಮೇಷ್ಟರ ಒಂದು ತಿಂಗಳ ಸಂಬಳ. ಈಗ ಅದರ ಬಡ್ಡಿಗೆ ಒಂದು ತೆಂಗಿನಕಾಯಿಯೂ ಬರುವುದಿಲ್ಲ. ಅರ್ಚಕರ ಮಕ್ಕಳು ಬೆಂಗಳೂರು ಸೇರಿದರು. ಶಾಶ್ವತ ಎಂದು ರಸೀತಿಯಲ್ಲಿ ಬರೆದಿತ್ತು, ಅಷ್ಟೆ.”

ಮಗಳು ನಕ್ಕಳು. ಯಜಮಾನರು ನಗಲಿಲ್ಲ.

ಛತ್ರದ ವಿಷಯದಲ್ಲಿ ಇನ್ನೊಂದು ಮಾತು ಉಳಿದಿತ್ತು, ಅದನ್ನೂ ಹಿರಿಯರೇ ಆಡಿದರು. ಜಾತ್ರೆಯ ನಾಲ್ಕು ದಿನ ತಾವು ರಥವನ್ನು ನೋಡಿದ್ದಕ್ಕಿಂತ ಒಲೆಯನ್ನು ನೋಡಿದ್ದೇ ಹೆಚ್ಚು. ಮೂವತ್ತು ಜನಕ್ಕೆ ಮೂರು ಹೊತ್ತು. ಛತ್ರದಿಂದ ಎರವಲು ತಂದ ಕೊಳದಪ್ಪಲೆಗಳನ್ನು ಹೊಳೆಯಲ್ಲಿ ಬೆಳಗಿ ಒಪ್ಪಿಸುವವರೆಗೆ ಸೊಸೆಯರಿಗೆ ಬಿಡುವಿಲ್ಲ. ಹಳ್ಳಿಯ ಮನೆಯ ಬೇಸಗೆ ರಜೆಯೂ ಹಾಗೆಯೇ. “ನಿಮಗೆಲ್ಲ ರಜೆ. ನನಗೆ ಯಾವ ರಜೆ? ಆ ಪುಸ್ತಕದ ಚಿತ್ರದಲ್ಲಿ ಒಬ್ಬ ಮುದುಕಿ ಕುರ್ಚಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದಾಳಲ್ಲ, ನನಗೂ ಹಾಗೆ ಒಂದು ನಾಲ್ಕು ದಿನ ಕೂರಬೇಕೆಂದು ಆಸೆ ಕಣೋ. ಕಾಫಿ ಬೇರೆ ಯಾರಾದರೂ ಮಾಡಿ ತರಬೇಕು.”

ಒಂಬತ್ತು ದಿನಗಳಿಂದ ಕಡತವನ್ನು ವಿರೋಧಿಸುತ್ತಿದ್ದ ಸೊಸೆಯು ಅತ್ತೆಯ ಮುಖವನ್ನು ನೋಡಿ ಸುಮ್ಮನಾದರು. ಛತ್ರಗಳನ್ನು ನೆನೆದು ಕಣ್ಣಲ್ಲಿ ನೀರು ತಂದುಕೊಳ್ಳುವ ಗಂಡಸರಲ್ಲಿ ಎಷ್ಟು ಮಂದಿ ಆ ಅಪ್ಪಲೆಗಳನ್ನು ಎತ್ತಿದ್ದಾರು?

ಗುಡಿಯ ಬೀದಿಯಲ್ಲಿ ಬಾಳೆಹಣ್ಣು ಕೊಂಡರು. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದರೆ ಸೊರಗು ರೋಗ ಹೊಕ್ಕು ತೋಟಗಳು ಕಡಿಮೆಯಾದ ಮೇಲೆ ಆ ಹೆಸರಿನಲ್ಲಿ ಮಾರುವುದೆಲ್ಲ ರಸಬಾಳೆಯಲ್ಲ. ಕೊಳ್ಳುವವರು ಮೂಸಿ ನೋಡಿ ಕೊಳ್ಳುತ್ತಾರೆ. ಹಿರಿಯರು ಮೂಸಿ, ತಲೆಯಲ್ಲಾಡಿಸಿ, ಪಚ್ಚಬಾಳೆಯನ್ನೇ ಕೊಂಡರು. ಮಗನು ಬಿ. ವಿ. ಪಂಡಿತರ ಸದ್ವೈದ್ಯಶಾಲೆಯ ಹಲ್ಲುಪುಡಿಯ ಪೊಟ್ಟಣವನ್ನು ಹಿಡಿದು, 1913ರಿಂದ ನಡೆದುಬಂದ ಸಂಸ್ಥೆಯೆಂದು ಓದಿ ಆಶ್ಚರ್ಯಪಟ್ಟನು. ನೂರು ವರ್ಷ ದಾಟಿದ ವ್ಯಾಪಾರ ಇಷ್ಟು ಸಣ್ಣ ಪೊಟ್ಟಣದಲ್ಲಿರುವುದು ಅವನಿಗೆ ವಿಚಿತ್ರವಾಗಿ ಕಂಡಿತು.

ಅಲ್ಲಿಂದ ನರಸೀಪುರಕ್ಕೆ ಮೈಸೂರಿಗೆ ಮರಳದೆ ನದಿಯ ಸೀಮೆಯಲ್ಲಿಯೇ ಹೋಗಬಹುದು. ಭತ್ತ, ಕಬ್ಬು, ನಡುನಡುವೆ ತೆಂಗು. ದಾರಿಯಲ್ಲಿ ಸುತ್ತೂರು. ಮಠದ ಜಾತ್ರೆಯ ದಿನಗಳಲ್ಲಿ ಇಲ್ಲಿ ಲಕ್ಷಾಂತರ ಜನರಿಗೆ ದಾಸೋಹ ನಡೆಯುತ್ತದೆ. ಉಚಿತ ಸಾಮೂಹಿಕ ವಿವಾಹಗಳೂ ಆಗುತ್ತವೆ. ಬಂದವನು ಯಾವ ಬಣ್ಣದ ಸದಸ್ಯನೆಂದು ಯಾರೂ ಕೇಳುವುದಿಲ್ಲ. ಬಣ್ಣದ ಮಾತು ಏಕೆಂದರೆ, ಇಂಥ ಕಂಪನಿಗಳು ವರ್ಷದ ವಾರಗಳಿಗೆ ಬಣ್ಣ ಹಚ್ಚಿರುತ್ತವೆ: ಬೇಸಗೆ, ದಸರೆ, ಡಿಸೆಂಬರಿನ ಕೊನೆಗೆ ದುಬಾರಿ ಬಣ್ಣ, ಮಳೆಗಾಲಕ್ಕೆ ಅಗ್ಗದ ಬಣ್ಣ. ಮೇಲಿನ ಬಣ್ಣದವನು ಕೆಳಗಿನ ಬಣ್ಣದ ವಾರಕ್ಕೆ ಇಳಿಯಬಹುದು. ಕೆಳಗಿನವನು ಹೆಚ್ಚು ಹಣವಿಲ್ಲದೆ ಮೇಲಕ್ಕೆ ಏರಲಾರನು. 5 ಲಕ್ಷಕ್ಕೆ ಯಜಮಾನರಿಗೆ ದೊರೆತಿದ್ದದ್ದು ಮಧ್ಯದ ಬಣ್ಣ. ಹತ್ತನೆಯ ತರಗತಿಯ ಹುಡುಗನೂ ಪ್ರೌಢಶಾಲೆಯ ಅಧ್ಯಾಪಿಕೆಯೂ ಇರುವ ಮನೆಗೆ ಬಿಡುವು ದೊರೆಯುವುದಾದರೋ ಬೇಸಗೆಯಲ್ಲಿ, ದಸರೆಯಲ್ಲಿ!

ನರಸೀಪುರದಲ್ಲಿ ಮೊದಲು ತಿರುಮಕೂಡಲಿನ ಅಗಸ್ತ್ಯೇಶ್ವರನ ಸನ್ನಿಧಿಗೆ ಹೋದರು. ಪಿಟೀಲು ವಿದ್ವಾಂಸ ಚೌಡಯ್ಯನವರು 1895ರಲ್ಲಿ ಹುಟ್ಟಿದ ಊರಿದು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಈ ಮೂರು ಕೂಡುವುದರಿಂದ ತ್ರಿವೇಣಿ ಸಂಗಮ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಎಂಬ ಕಟ್ಟಿನಲ್ಲಿ ಕುಂಭಮೇಳ ನಡೆದುಬಂದಿದೆ. 2019ರ ಮೇಳದ ಅನಂತರ 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ನಡೆಯಿತು. ಇದೇ ತಾಲ್ಲೂಕಿನ ತಲಕಾಡಿನ ಪಂಚಲಿಂಗ ದರ್ಶನಕ್ಕೆ ಅಷ್ಟು ಕಟ್ಟೂ ಇಲ್ಲ. ಕಾರ್ತಿಕ ಮಾಸ, ಸೋಮವಾರ, ಅಮಾವಾಸ್ಯೆ, ಜೊತೆಗೆ ಹೇಳಿದ ನಕ್ಷತ್ರಗಳು ಎಲ್ಲ ಒದಗಿಬರಬೇಕು. 2009ರಲ್ಲಿ ಆಯಿತು, 2013ರಲ್ಲಿ ಆಯಿತು, ಮುಂದಿನದು ಏಳು ವರ್ಷ ಕಳೆದು 2020ರಲ್ಲಿ.

ಅಗಸ್ತ್ಯೇಶ್ವರನದು ಮರಳಿನ ಲಿಂಗ. ಋಷಿಯು ಪ್ರತಿಷ್ಠೆಗೆಂದು ಕಾಶಿಯಿಂದ ಲಿಂಗ ತರಲು ಆಂಜನೇಯನನ್ನು ಕಳುಹಿಸಿದನಂತೆ. ಆಂಜನೇಯನು ಬರುವುದು ತಡವಾಯಿತು, ಮುಹೂರ್ತ ಮೀರುತ್ತಿತ್ತು, ಅಗಸ್ತ್ಯನು ಹೊಳೆಯ ಮರಳನ್ನೇ ಕೂಡಿಸಿ ಲಿಂಗವನ್ನು ಮಾಡಿದನು. ಅನಂತರ ಬಂದ ಲಿಂಗಕ್ಕೂ ಹನುಮಂತೇಶ್ವರನೆಂದು ಸ್ಥಳ ದೊರೆಯಿತು. “ಈ ಮುಹೂರ್ತಕ್ಕೂ ಇವತ್ತೇ ಕೊನೆ ಎಂದು ಯಾರೋ ಹೇಳಿರಬೇಕು,” ಎಂದಳು ಮಗಳು. ತಾಯಿ ಗದರಿಸಿದರು, ಆದರೆ ಗದರಿಕೆಯಲ್ಲಿ ಬಿಸಿಯಿರಲಿಲ್ಲ.

ಸಂಗಮದ ಮೆಟ್ಟಿಲುಗಳ ಮೇಲೆ ಬುತ್ತಿ ಬಿಚ್ಚಿದ್ದಾಯಿತು. ಪುಳಿಯೋಗರೆ, ಮೊಸರನ್ನ. ಊಟವಾದ ಮೇಲೆ ಅಧ್ಯಾಪಿಕೆಯು ಅರ್ಚನೆಯ ರಸೀತಿಯನ್ನು ಮಗುಚಿ ಅದರ ಬೆನ್ನಿನ ಮೇಲೆ ಲೆಕ್ಕ ಹಾಕಿದರು. ಆ ಲೆಕ್ಕ ಈ ಕುಟುಂಬದ್ದಾದರೂ ಇಂಥ ಕಡತ ಬಂದ ಯಾವ ಮನೆಗೂ ಉಪಯೋಗಕ್ಕೆ ಬಂದೀತು.

ಐದು ಲಕ್ಷವನ್ನು ಶೇಕಡ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 35,000 ಬಡ್ಡಿ. ಸದಸ್ಯರಾದರೆ ಈ ಬಡ್ಡಿ ಹೋಯಿತು. ಮೇಲೆ ವರ್ಷವರ್ಷವೂ ಕಟ್ಟಬೇಕಾದ ನಿರ್ವಹಣಾ ಶುಲ್ಕ, ಆ ಕರಾರಿನ ಪ್ರಕಾರ 20,000. ಒಟ್ಟು 55,000. ಏಳು ರಾತ್ರಿಗೆ ಭಾಗಿಸಿದರೆ ರಾತ್ರಿಯೊಂದಕ್ಕೆ 7,857 ರೂಪಾಯಿ. ಊಟ, ಪ್ರಯಾಣ ಇದರಲ್ಲಿಲ್ಲ. ಏಳರಲ್ಲಿ ನಾಲ್ಕೇ ರಾತ್ರಿ ಹೋಗಲು ಸಾಧ್ಯವಾದರೆ ರಾತ್ರಿಗೆ 13,750. ನಿರ್ವಹಣಾ ಶುಲ್ಕ ನಿಂತ ನೀರಲ್ಲ. ವರ್ಷಕ್ಕೆ ಶೇಕಡ 6ರಂತೆ ಏರಿದರೂ ಹನ್ನೆರಡು ವರ್ಷದಲ್ಲಿ 40,000, ಇಪ್ಪತ್ತನಾಲ್ಕನೆಯ ವರ್ಷಕ್ಕೆ 80,000. ಹೋಗದ ವರ್ಷವೂ ಅದನ್ನು ಕಟ್ಟಬೇಕು. ಇಪ್ಪತ್ತೈದು ವರ್ಷ ಮುಗಿದಾಗ ಠೇವಣಿಯ ಐದು ಲಕ್ಷ ಬ್ಯಾಂಕಿನಲ್ಲಿರುತ್ತದೆ, ಅದರ ಬೆಲೆ ಎಷ್ಟೇ ಕುಗ್ಗಿರಲಿ. ಸದಸ್ಯತ್ವದ ಐದು ಲಕ್ಷ ಇರುವುದಿಲ್ಲ. ಏಕೆಂದರೆ ಕೊಂಡದ್ದು ಮನೆಯಲ್ಲ, ಕೋಣೆಯೂ ಅಲ್ಲ, ಕೋಣೆಯಲ್ಲಿ ಇರುವ ಹಕ್ಕು. ನಡುವೆ ಬೇಡವೆನಿಸಿದರೆ ಇನ್ನೊಬ್ಬರಿಗೆ ಮಾರಬಹುದೆಂದು ಯುವಕನು ಹೇಳಿದ್ದನಾದರೂ ಹಳೆಯ ಸದಸ್ಯತ್ವವನ್ನು ಕೊಟ್ಟ ಬೆಲೆಗೆ ಕೊಳ್ಳುವವರು ಅಪರೂಪ.

“ಆದರೆ ಡಿಸೆಂಬರಿನಲ್ಲಿ ಕೊಡಗಿನ ಒಳ್ಳೆಯ ಕಡೆಯಲ್ಲಿ ಕೋಣೆಗೆ ಹತ್ತು ಸಾವಿರಕ್ಕೂ ಮೇಲಿದೆ,” ಎಂದರು ಯಜಮಾನರು. ಅದೂ ನಿಜ. ವರ್ಷವೂ ತಪ್ಪದೆ ಏಳು ದಿನವೂ ಹೋಗಬಲ್ಲವರಿಗೆ, ತಿಂಗಳುಗಳ ಮೊದಲೇ ದಿನ ಗೊತ್ತುಮಾಡಬಲ್ಲವರಿಗೆ, ಬಾಡಿಗೆಗಳು ಏರುವ ವೇಗವನ್ನು ನೋಡಿದರೆ ಇದು ನಷ್ಟದ ವ್ಯಾಪಾರವಾಗಲಾರದು. ಹಣ ಕಟ್ಟಿದ್ದೇವೆಂಬ ಒಂದೇ ಕಾರಣಕ್ಕೆ ಮನೆ ಬಿಟ್ಟು ಹೊರಡುವ ಸಂಸಾರಗಳೂ ಇವೆ. ಅಂಥವರಿಗೆ ಆ ಒತ್ತಾಯವೇ ಲಾಭ. ಮಕ್ಕಳು ಹತ್ತು ವರ್ಷದೊಳಗಿನವರಾಗಿದ್ದು, ಗಂಡ ಹೆಂಡತಿಯ ರಜೆ ಅವರ ಕೈಯಲ್ಲೇ ಇದ್ದು, ಸಾಲವಿಲ್ಲದೆ ಹಣ ಕಟ್ಟುವ ಮನೆಯವರು ಕಡತವನ್ನು ಓದಿ ನೋಡಲು ಅಡ್ಡಿಯಿಲ್ಲ. ಮಾಸಿಕ ಕಂತಿನಲ್ಲಿ, ಬಡ್ಡಿ ಸೇರಿಸಿ ಕಟ್ಟುವವರಿಗೆ ಮಾತ್ರ ಈ ಮಾತು ಸಲ್ಲದು.

ಯಜಮಾನರನ್ನು ತಡೆದದ್ದು ಬಡ್ಡಿಯ ಲೆಕ್ಕವಲ್ಲ. ಮಗಳು ಕೇಳಿದ ಒಂದು ಪ್ರಶ್ನೆ. “ಅಪ್ಪ, ಒಂದು ಕೋಣೆಗೆ ಎಷ್ಟು ಜನ?”

ಕಡತ ಬಿಚ್ಚಿ ನೋಡಿದರು. ದೊಡ್ಡವರು ಇಬ್ಬರು, ಹನ್ನೆರಡು ವರ್ಷದೊಳಗಿನ ಮಕ್ಕಳು ಇಬ್ಬರು.

ಅವರ ಮನೆಯವರೇ ಐದು ಜನ, ಎಲ್ಲರೂ ದೊಡ್ಡವರು. ತಮ್ಮನವರು ನಾಲ್ಕು, ತಂಗಿಯವರು ನಾಲ್ಕು. ಒಟ್ಟು ಹದಿಮೂರು. ಬಿಗಿಯಾಗಿ ಹಿಡಿದರೂ ನಾಲ್ಕು ಕೋಣೆ ಬೇಕು. ನಾಲ್ಕು ಕೋಣೆಯನ್ನು ಒಂದು ರಾತ್ರಿ ತೆಗೆದುಕೊಂಡರೆ ವರ್ಷದ ಏಳು ರಾತ್ರಿಗಳಲ್ಲಿ ನಾಲ್ಕು ಖರ್ಚಾದಂತೆ. ಎರಡನೆಯ ರಾತ್ರಿಗೆ ಉಳಿಯುವುದು ಮೂರೇ ಕೋಣೆ. ಐದು ಲಕ್ಷ ಕೊಟ್ಟು ಕೊಂಡ ‘ಕುಟುಂಬದ ಇನ್ನೊಂದು ಮನೆ’ಯಲ್ಲಿ ಈ ಕುಟುಂಬವು ವರ್ಷಕ್ಕೆ ಎರಡು ರಾತ್ರಿಯನ್ನೂ ಪೂರ್ತಿಯಾಗಿ ಒಟ್ಟಿಗೆ ಕಳೆಯುವಂತಿರಲಿಲ್ಲ.

ಯಜಮಾನರು ಬಹಳ ಹೊತ್ತು ನೀರನ್ನು ನೋಡುತ್ತ ಕುಳಿತರು. ಕಡತದ ಮೊದಲ ಪುಟದಲ್ಲಿ ಕಬಿನಿಯ ಹಿನ್ನೀರಿನ ಚಿತ್ರವಿತ್ತು: ಸಂಜೆ, ಆನೆಗಳ ಹಿಂಡು, ಎರಡು ಖಾಲಿ ಕುರ್ಚಿಗಳು. ಕಬಿನಿಯೆಂದರೂ ಕಪಿಲೆಯೆಂದರೂ ಒಂದೇ. ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಅಣೆಕಟ್ಟಿನಲ್ಲಿ ನಿಂತು, ಆ ಕುರ್ಚಿಗಳ ಮುಂದಿನಿಂದ ಹೊರಟ ನೀರೇ ನಂಜನಗೂಡಿನ ಮೆಟ್ಟಿಲನ್ನು ಸವರಿ ಇಲ್ಲಿಗೆ ಬಂದಿತ್ತು. ಮಗನು ಮಂಡಿಯವರೆಗೆ ಅದರಲ್ಲಿ ಇಳಿದು ನಿಂತಿದ್ದನು. ದೂರದಲ್ಲಿ ಹರಿಗೋಲೊಂದು ಸುತ್ತುತ್ತ ಸಾಗುತ್ತಿತ್ತು.

ಈ ನಡುವೆ ಒಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಯೂರೋಪಿನ ಒಕ್ಕೂಟದಲ್ಲಿ 2008ರ ನಿರ್ದೇಶನದ ಪ್ರಕಾರ ಇಂಥ ಕರಾರಿಗೆ ಸಹಿ ಮಾಡಿದವನು ಹದಿನಾಲ್ಕು ದಿನಗಳೊಳಗೆ ಕಾರಣ ಹೇಳದೆ ಹಿಂದೆಗೆಯಬಹುದು. ಆ ಅವಧಿಯಲ್ಲಿ ಅವನಿಂದ ಮುಂಗಡ ತೆಗೆದುಕೊಳ್ಳುವುದೇ ನಿಷಿದ್ಧ. ನಮ್ಮ ದೇಶದಲ್ಲಿ ಈ ವ್ಯವಹಾರಕ್ಕೆಂದೇ ಮಾಡಿದ ಪ್ರತ್ಯೇಕ ಕಾನೂನಿಲ್ಲ. ಎಷ್ಟು ದಿನದ ಅವಕಾಶವೆಂಬುದು ಕರಾರಿನಲ್ಲಿ ಬರೆದಷ್ಟೆ. ರಜಾ ಯೋಜನೆಯ ಹೆಸರಿನಲ್ಲಿ ಹಣ ಕೂಡಿಸಿ ಹೆಚ್ಚಿನ ಹಣ ಹಿಂದಿರುಗಿಸುವ ಆಸೆ ತೋರಿಸಿದ ಕೆಲವು ಕಂಪನಿಗಳ ಮೇಲೆ 2015ರಲ್ಲಿ ಸೆಬಿ ಕ್ರಮ ಕೈಗೊಂಡಿತು. ಆದ್ದರಿಂದ ರಜೆಯನ್ನು ‘ಹೂಡಿಕೆ’ ಎಂದು ಕರೆಯುವವರ ಮುಂದೆ ಎಚ್ಚರ ಬೇಕು. ಮೋಸ ಹೋದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ದಾರಿ ಉಂಟು. ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಎರಡು ವರ್ಷದೊಳಗೆ, ದೂರು ಕೊಡಬಹುದು. ಆದರೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಆಯೋಗದ ಮುಂದೆ ರುಜುವಾತುಪಡಿಸುವುದು ಹೇಗೆ? ಸಭಾಂಗಣದ ಮಾತೆಲ್ಲವನ್ನೂ ಕಾಗದದ ಮೇಲೆ ಬರೆದು ಕೊಡಿರೆಂದು ಕೇಳಿದರೆ ಅರ್ಧ ವಿಷಯ ಅಲ್ಲಿಯೇ ತಿಳಿಯುತ್ತದೆ.

ಬಿಸಿಲಿಳಿದ ಮೇಲೆ ನದಿಯ ಇನ್ನೊಂದು ದಡದ ಗುಂಜಾ ನರಸಿಂಹಸ್ವಾಮಿಯ ಗುಡಿಗೆ ಹೋದರು. ಈ ದೇವರ ಕತೆ ತಾಲ್ಲೂಕಿಗೆಲ್ಲ ಪ್ರಿಯವಾದದ್ದು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಗಸನೊಬ್ಬನಿಗೆ ಕಾಶಿಗೆ ಹೋಗಬೇಕೆಂಬ ಹಂಬಲ. ಸ್ವಾಮಿಯು ಕನಸಿನಲ್ಲಿ ಬಂದು, ನೀನು ಬಟ್ಟೆ ಒಗೆಯುವ ಬಂಡೆಯ ಕೆಳಗೆ ಹೊನ್ನಿದೆ, ಅದರಿಂದ ನನಗೆ ಗುಡಿ ಕಟ್ಟಿಸು ಎಂದನು. ಹಾಗಾದರೆ ನನ್ನ ಕಾಶಿಯಾತ್ರೆಯ ಗತಿಯೇನೆಂದು ಅಗಸನು ಕೇಳಿದನು. ಈ ಸ್ಥಳವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುತ್ತದೆಂದು ಸ್ವಾಮಿಯು ಉತ್ತರ ಕೊಟ್ಟನು. ಅದಕ್ಕೆ ಸಾಕ್ಷಿಯಾಗಿ ಮೂರ್ತಿಯ ಬೆರಳುಗಳ ನಡುವೆ ಇಂದಿಗೂ ಗುಲಗಂಜಿಯನ್ನು ತೋರಿಸುತ್ತಾರೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ, ಕೆಂಪು ಮೈಯ ಕಪ್ಪು ಮೂತಿಯ ಆ ಪುಟ್ಟ ಬೀಜ. ನೂರು ಪಾಲು ಹೆಚ್ಚೆಂದು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲವೇನೋ. ಗುಲಗಂಜಿಯಷ್ಟೆಂದು ಹೇಳಿದ್ದರಿಂದ ಅಗಸನು ನಂಬಿದನು.

ಹಿರಿಯರು ಅರ್ಚಕರಿಂದ ತೀರ್ಥ ಪಡೆದು ಕಂಬಕ್ಕೆ ಒರಗಿ ಕುಳಿತರು. ಅವರ ಹಳ್ಳಿ ಅಲ್ಲಿಂದ ಕಾಲು ಗಂಟೆಯ ದಾರಿ. ಹೋಗಿ ನೋಡೋಣವೆ ಎಂದು ಮಗನು ಕೇಳಿದರು. “ಬೇಡಪ್ಪ,” ಎಂದರು ತಾಯಿ. “ಕೊಂಡವರು ಮುಂಭಾಗ ಕೆಡವಿದ್ದಾರಂತೆ. ನೋಡಿ ಏನು ಮಾಡಬೇಕು?” ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವರೇ, “ನನಗೆ ಇಪ್ಪತ್ತೈದು ವರ್ಷ ಬೇಡ ಕಣೋ. ಈ ವರ್ಷ ನಾಲ್ಕು ದಿನ ಸಾಕು. ಎಲ್ಲರೂ ಇರಬೇಕು. ಅಡುಗೆ ಬೇರೆಯವರು ಮಾಡಬೇಕು,” ಎಂದರು.

ಮರಳುವ ದಾರಿಯಲ್ಲಿ ಕಾರಿನೊಳಗೆ ಮಾತು ಕಡಿಮೆಯಿತ್ತು. ಅಧ್ಯಾಪಿಕೆಯು ರಸೀತಿಯ ಅಂಚಿನಲ್ಲಿ ಉಳಿದ ಜಾಗದಲ್ಲಿ ಇನ್ನೊಂದು ಸಣ್ಣ ಲೆಕ್ಕ ಬರೆದಿದ್ದರು. ಠೇವಣಿಯ ಒಂದು ವರ್ಷದ ಬಡ್ಡಿ, ಕಟ್ಟದೆ ಉಳಿದ ನಿರ್ವಹಣಾ ಶುಲ್ಕ, ಎರಡೂ ಸೇರಿ 55,000. ತಮ್ಮನೂ ತಂಗಿಯ ಗಂಡನೂ ತಮ್ಮ ತಮ್ಮ ಪಾಲು ಹಾಕಿದರೆ ನಾಲ್ಕು ಕೋಣೆಗಳನ್ನು ನಾಲ್ಕು ರಾತ್ರಿ ಬಾಡಿಗೆಗೆ ಹಿಡಿಯಬಹುದು. ಕಂಪನಿಯ ವಿಹಾರಧಾಮವೇ ಆಗಬೇಕೆಂದಿಲ್ಲ, ಅಡುಗೆಯವರಿರುವ ಒಂದು ತೋಟದ ಮನೆಯಾದರೂ ಸಾಕು. “ಮುಂದಿನ ವರ್ಷ ಬೇಡವೆನಿಸಿದರೆ ಬಿಡಬಹುದು, ನೋಡಿ,” ಎಂದರು ಆಕೆ. ಯಜಮಾನರು ರಸ್ತೆಯನ್ನು ನೋಡುತ್ತ, “ಅದೇ ಭಯ ನನಗೆ. ಬಿಟ್ಟುಬಿಡುತ್ತೇವೆ,” ಎಂದರು. ಅದಕ್ಕೆ ಆಕೆಯ ಬಳಿ ಉತ್ತರವಿರಲಿಲ್ಲ.

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಮುಂಗಡ ಹಿಂದಿರುಗಿಸಬೇಕೆಂದು ಕರಾರಿನ ಹನ್ನೊಂದನೆಯ ಪುಟವನ್ನು ಉಲ್ಲೇಖಿಸಿ ಮಿಂಚಂಚೆ ಹೋಯಿತು. ಅದರ ಪ್ರತಿ ಸ್ಪೀಡ್ ಪೋಸ್ಟಿನಲ್ಲಿಯೂ ಹೋಯಿತು. ಹನ್ನೊಂದು ಗಂಟೆಗೆ ಆ ಯುವಕನು ಫೋನು ಮಾಡಿ ಬೆಲೆಯನ್ನು ಇನ್ನೂ 60,000 ಇಳಿಸುವುದಾಗಿ ಹೇಳಿದನು. ಇವತ್ತಿಗೆ ಮಾತ್ರ ಎಂದದ್ದು ಹತ್ತು ದಿನ ಕಳೆದರೂ ಮುಗಿದಿರಲಿಲ್ಲ. ಯಜಮಾನರು ಅವನ ಮೇಲೆ ಕೋಪಿಸಲಿಲ್ಲ. ಗುರಿ ಮುಟ್ಟದ ತಿಂಗಳು ಎಂಥದೆಂದು ಅವರ ವೃತ್ತಿಯವರಿಗೆ ಗೊತ್ತು. ಮುಂಗಡವು ಐದು ವಾರಗಳ ಅನಂತರ, ಮೂರು ಜ್ಞಾಪನ ಪತ್ರಗಳಾದ ಮೇಲೆ, ಬಂದು ಸೇರಿತು.

ಅಂದು ಸಂಜೆಯೇ ಅವರು ತಮ್ಮನಿಗೂ ತಂಗಿಗೂ ಫೋನು ಮಾಡಿದರು. ದಸರೆಯಲ್ಲಿ ತಮ್ಮನಿಗೆ ಬಿಡುವಿಲ್ಲ. ನವೆಂಬರಿನಲ್ಲಿ ತಂಗಿಯ ಮಗಳ ಪರೀಕ್ಷೆ. ಡಿಸೆಂಬರಿನ ಕೊನೆಯ ವಾರ ಎಲ್ಲೆಡೆ ಬಾಡಿಗೆ ಎರಡರಷ್ಟು. ಜನವರಿಯಲ್ಲಿ ಹತ್ತನೆಯ ತರಗತಿಯವನ ಪೂರ್ವಸಿದ್ಧತಾ ಪರೀಕ್ಷೆ. ಮಗಳು ಅಡುಗೆಮನೆಯ ಗೋಡೆಯ ಪಂಚಾಂಗವನ್ನು ಕೆಳಗಿಳಿಸಿ ಮೇಜಿನ ಮೇಲೆ ಹರಡಿ, ಮೂರು ಮನೆಗಳಿಗೂ ಮೂರು ಬಣ್ಣದ ಪೆನ್ಸಿಲಿನಲ್ಲಿ ಆಗದ ದಿನಗಳನ್ನು ಹೊಡೆಯುತ್ತ ಹೋದಳು. ಅಜ್ಜಿ ಪಕ್ಕದಲ್ಲಿ ಕನ್ನಡಕ ಏರಿಸಿ ಕುಳಿತಿದ್ದರು. ರಾತ್ರಿ ಒಂಬತ್ತೂವರೆಗೆ ಹೊತ್ತಿಗೆ ಡಿಸೆಂಬರಿನ ಎರಡನೆಯ ವಾರದಲ್ಲಿ, ಗುರುವಾರದಿಂದ ಭಾನುವಾರದವರೆಗೆ, ಯಾವ ಬಣ್ಣವೂ ತಾಕದ ನಾಲ್ಕು ಮನೆಗಳು ಉಳಿದವು. ಅವುಗಳಲ್ಲಿ ಒಂದು ಏಕಾದಶಿ. “ಆ ದಿನ ನನಗೆ ಅಡುಗೆ ಬೇಡ,” ಎಂದರು ಅಜ್ಜಿ, “ಕಾಫಿ ಮಾತ್ರ ಸಾಕು.”